ಒಂದೇ ಬಯಲಿಗೆ ಎಷ್ಟು ಹೆಸರು

ಫೆಬ್ರುವರಿ ೨೩, ಭಾನುವಾರ

ಬಿದ್ದೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತು 'ಫಾಲ್' ಎಂಬ ಇಂಗ್ಲಿಷ್ ಪದಕ್ಕೆ ಪತನವೆಂದೂ ಜಲಪಾತವೆಂದೂ ಎಲೆಯುದುರುವ ಕಾಲವೆಂದೂ ಅರ್ಥ ಹೇಳಿದವನು, ಇವತ್ತು ಬಚ್ಚಲುಮನೆಯ ಹೊಸ್ತಿಲಲ್ಲಿ ಮೂರನ್ನೂ ಒಂದೇ ಏಟಿಗೆ ಅನುಭವಿಸಿದೆ. ನಾನು ಬಿದ್ದೆ, ಬಕೆಟ್ಟಿನ ನೀರು ಮೇಲಿಂದ ಸುರಿಯಿತು, ಸೊಂಟದ ಟವೆಲು ಉದುರಿತು. ಕಾಲ ಕೆಟ್ಟರೆ ಹಗ್ಗವೂ ಹಾವಾಗುತ್ತದಂತೆ; ನನಗೆ ಸೋಪೇ ಹಾವಾಯಿತು. ಕಾಲ ಕೆಟ್ಟು ಕಾಲೂ ಕೆಟ್ಟಿತು.

ಎಡಗಣಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕಂತೆ. ತಲೆಯಲ್ಲಿ ಇಲ್ಲದ ಕೂದಲು ಕಾಲಿನಲ್ಲಿ ಸಿಕ್ಕಿತಲ್ಲ ಎಂದೆ. ಡಾಕ್ಟರು ನಗಲಿಲ್ಲ. ಮಂಡಿಯವರೆಗೆ ಪ್ಲಾಸ್ಟರು, ನಾಲ್ಕು ವಾರ ಹಾಸಿಗೆ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ ಬೇರೆಯವರ ಸಾಮಾನು ವಿಂಗಡಿಸುವ ನನ್ನ ಹೆಂಡತಿ, ಗಂಡನನ್ನು ಹಿಂದಿನ ಕೋಣೆಯ ಕಿಟಕಿಯ ಪಕ್ಕ ಮಂಚದ ಮೇಲೆ ವಿಂಗಡಿಸಿಟ್ಟಿದ್ದಾಳೆ. 'ಒಡೆಯುವ ವಸ್ತು, ಎಚ್ಚರಿಕೆ' ಎಂಬ ಚೀಟಿ ಅಂಟಿಸುವುದೊಂದು ಬಾಕಿ.

ನಿವೃತ್ತಿಯಾಗಿ ಒಂಬತ್ತು ತಿಂಗಳು. ಕಾಲೇಜಿನವರು ಅತಿಥಿ ಉಪನ್ಯಾಸಕ್ಕೆ ಕರೆಯುತ್ತೇವೆ ಅಂದಿದ್ದರು. ಅತಿಥಿ ಇನ್ನೂ ತಿಥಿಗೆ ಕಾಯುತ್ತಿದ್ದಾನೆ. ಈ ದಿನಚರಿಗಾದರೂ ಒಬ್ಬ ಓದುಗನಿದ್ದಾನಲ್ಲ, ನಾನೇ.

ಫೆಬ್ರುವರಿ ೨೬, ಬುಧವಾರ

ಮೇಲಿನ ಕೋಣೆಯಿಂದ ನಾದಿನಿ ಇಳಿದು ಬಂದಳು. ಹೆಂಡತಿಯ ಕಡೇ ತಂಗಿ. ಹತ್ತು ವರ್ಷ ಶಾಲೆಯ ವ್ಯಾನು ಓಡಿಸಿದಳು. ಶಾಲೆ ದೊಡ್ಡ ಬಸ್ಸು ಕೊಂಡಾಗ ಕೆಲಸ ಹೋಯಿತು. ಹೋದ ಬೇಸಿಗೆಯಿಂದ ಅಗ್ನಿಶಾಮಕ ಇಲಾಖೆಯಲ್ಲಿ ತಾತ್ಕಾಲಿಕ ಕೆಲಸ. ಊರಾಚೆಯ ಗುಡ್ಡದ ನೆತ್ತಿಯಲ್ಲಿ ಕಾವಲು ಗೋಪುರವಿದೆ. ಅದರಲ್ಲಿ ಕೂತು ಕಾಡಿನಲ್ಲಿ ಎಲ್ಲಿ ಹೊಗೆ ಎದ್ದಿತೆಂದು ನೋಡುವುದು, ಕಂಡರೆ ವೈರ್‌ಲೆಸ್ಸಿನಲ್ಲಿ ಹೇಳುವುದು.

"ಭಾವ, ಕಾಲು ಹೇಗಿದೆ?"

"ಎರಡಿತ್ತು. ಈಗ ಒಂದೂ ಮುಕ್ಕಾಲು."

"ಜೋಕು ಮಾಡೋ ಶಕ್ತಿ ಇದ್ರೆ ಪಾಠ ಮಾಡೋ ಶಕ್ತಿನೂ ಇರತ್ತೆ. ನಂಗೆ ಇಂಗ್ಲಿಷ್ ಹೇಳ್ಕೊಡಿ."

ವಿಷಯ ಹೀಗೆ. ಏಪ್ರಿಲಿನಲ್ಲಿ ಹುದ್ದೆ ಕಾಯಂ ಆಗುತ್ತದೆ. ಅದಕ್ಕೊಂದು ಪರೀಕ್ಷೆ, ಇಂಗ್ಲಿಷಿನಲ್ಲಿ. ಬೇಸಿಗೆಯಲ್ಲಿ ಬೆಂಕಿ ಆರಿಸುವ ತಂಡಗಳು ಎಲ್ಲೆಲ್ಲಿಂದಲೋ ಬರುತ್ತವೆ. ಹೆಲಿಕಾಪ್ಟರಿನವನಿಗಂತೂ ಬೇರೆ ಭಾಷೆಯೇ ಬಾರದು. ಗೋಪುರದ ಮೇಲೆ ನಿಂತವಳು ಕಾಣುವ ನೆಲವನ್ನು ಇಂಗ್ಲಿಷಿನಲ್ಲಿ ಬಣ್ಣಿಸಬೇಕು, ಕೆಳಗಿರುವ, ಏನೂ ಕಾಣದ ತಂಡ ಆ ಮಾತು ಹಿಡಿದು ನಡೆದು ಬಾವುಟವಿಟ್ಟ ಜಾಗ ಮುಟ್ಟಬೇಕು. ಫೇಲಾದರೆ ಹುದ್ದೆ ಬೇರೆಯವರಿಗೆ.

"ಇದೂ ಹೋದ್ರೆ ಭಾವ, ಮತ್ತೆ ಅಕ್ಕನ ಮನೆ ಮೇಲಿನ ಕೋಣೆನೇ ನಂಗೆ ಕಾಯಂ," ಅಂದಳು. ನಗುತ್ತಲೇ ಅಂದಳು. ನಗು ಕಣ್ಣಿನವರೆಗೆ ಹೋಗಲಿಲ್ಲ.

ನೆಲದ ಪದಗಳು! ಕುಂಟನಿಗೆ ಕುದುರೆ ಸಿಕ್ಕಿದಂತಾಯಿತು.

ಮಾರ್ಚ್ ೪, ಮಂಗಳವಾರ

ಪಾಠ ಭರ್ಜರಿಯಾಗಿ ನಡೆದಿದೆ. ಪಾಠೋಪಕರಣ ಕಿಟಕಿಯೇ. ಹಿತ್ತಲ ಗೋಡೆಯಾಚೆ ಬಯಲು, ಬಯಲಿನಾಚೆ ಹಳ್ಳ, ಹಳ್ಳದಾಚೆ ಏರುತ್ತ ಹೋಗುವ ಕಾಡು, ಕಾಡಿನ ತಲೆಯ ಮೇಲೆ ಕಡ್ಡಿ ನಿಲ್ಲಿಸಿದಂತೆ ಅವಳ ಗೋಪುರ. ಇಪ್ಪತ್ತು ವರ್ಷದಿಂದ ಈ ಮನೆಯಲ್ಲಿದ್ದೇನೆ. ಆ ಬಯಲಿಗೆ ಕಾಲಿಟ್ಟಿಲ್ಲ. ಇಡಬೇಕಾದ ಅಗತ್ಯವೂ ಇಲ್ಲ. ದೂರದಿಂದ ಕಂಡದ್ದಕ್ಕೆ ಹೆಸರಿಡುವುದೇ ಸಾಹಿತ್ಯ.

ಇಂಗ್ಲಿಷರು ನೆಲ ಕಂಡಲ್ಲೆಲ್ಲ ಮೊದಲು ಹೆಸರಿಟ್ಟು ಆಮೇಲೆ ಬೇಲಿ ಹಾಕಿದವರು. ಆದ್ದರಿಂದ ಹೆಸರಿಗೇನೂ ಬರವಿಲ್ಲ. ಉದ್ದಕ್ಕೆ ಸಣ್ಣಗಿದ್ದರೆ 'ಸ್ಟ್ರಿಪ್', ಪಟ್ಟಿ. ("ನಿಮ್ಮ ಕಾಲಿಗೆ ಸುತ್ತಿರೋ ಹಾಗೆ," ಅಂದಳು.) ಸುತ್ತಲಿನದಕ್ಕಿಂತ ಬೇರೆಯಾಗಿ ಕಂಡರೆ 'ಪ್ಯಾಚ್', ತೇಪೆ. ಕಣ್ಣು ಹಾಯುವಷ್ಟು ಹರಡಿದ್ದರೆ 'ಎಕ್ಸ್‌ಪ್ಯಾನ್ಸ್'. ಒಂದೇ ಸಮ ಸಾಗಿದರೆ 'ಸ್ಟ್ರೆಚ್'. ಅಳೆದು ಮಾರುವುದು 'ಪ್ಲಾಟ್'. ಅದೇ ಪದಕ್ಕೆ ಒಳಸಂಚು ಎಂಬ ಅರ್ಥವೂ ಇದೆ ಎಂದೆ. "ಸೈಟಿನ ಬ್ರೋಕರ್‌ಗೆ ಎರಡಕ್ಕೂ ಒಂದೇ ಪದ ಸಾಕು ಬಿಡಿ," ಅಂದಳು. ಜಾಣೆ.

"ಫ್ಯಾಲೋ ಅಂದರೆ ಉಳದೆ ಬಿಟ್ಟ ಬೀಳು."

"ನೀವು ಬಿದ್ದಿರೋ ನೆಲಾನಾ ಭಾವ?"

ಕಾಡಿನ ನಡುವೆ ಮರವಿಲ್ಲದ ತೆರಪಿಗೆ 'ಕ್ಲಿಯರಿಂಗ್'. 'ಗ್ಲೇಡ್' ಅಂದರೂ ಅದೇ. ಆದರೆ ಮದುವೆಗೆ ಹೊರಟ ಕ್ಲಿಯರಿಂಗು. 'ಮೆಡೋ' ಅಂದರೆ ಹುಲ್ಲುಗಾವಲು. ನಮ್ಮ ಹಿತ್ತಲಾಚೆಯದು ಯಾವುದು ಎಂದು ಕೇಳಿದಳು. "ಮೆಡೋ," ಎಂದೆ, ಕಿಟಕಿಯಿಂದಲೇ, ಒಂದು ಕ್ಷಣವೂ ಯೋಚಿಸದೆ. ಬಿಸಿಲಿಗೆ ಹೊನ್ನಿನ ಹಾಗೆ ತೂಗುತ್ತಿರುವ ಹುಲ್ಲನ್ನು ಇನ್ನೇನೆಂದು ಕರೆಯಲಿ?

ಮಾರ್ಚ್ ೧೧, ಮಂಗಳವಾರ

ಇವತ್ತು ನನ್ನ ಚಿನ್ನದ ಸೂತ್ರವನ್ನು ಧಾರೆಯೆರೆದೆ. ಒಂದು ಪ್ಯಾರಾದಲ್ಲಿ ಒಂದೇ ಪದ ಎರಡು ಸಲ ಬರಕೂಡದು. ಮೊದಲ ವಾಕ್ಯದಲ್ಲಿ ಕ್ಲಿಯರಿಂಗ್ ಎಂದರೆ ಮುಂದಿನದರಲ್ಲಿ ಗ್ಲೇಡ್, ಆಮೇಲೆ ಓಪನ್ ಗ್ರೌಂಡ್. ಮೂವತ್ತು ವರ್ಷ ಕೆಂಪು ಪೆನ್ನು ಸವೆಸಿದ್ದು ಇದಕ್ಕೇ. ಹಳಸಿದ ಪದಕ್ಕೆ ಅಡಿಗೆರೆ, ಬದಿಯಲ್ಲಿ 'ಮತ್ತೆ?' ಎಂಬ ಒಂದೇ ಪ್ರಶ್ನೆ.

"ಯಾಕೆ ಭಾವ? ಜಾಗ ಒಂದೇ ತಾನೇ?"

"ಒಂದೇ ಸೀರೆ ಉಟ್ಟು ಎರಡು ಮದುವೆಗೆ ಹೋಗ್ತೀಯಾ?"

"ನಾನು ಅದನ್ನೇ ಉಟ್ಟು ಐದು ಮದುವೆಗೆ ಹೋಗಿದೀನಿ."

"ಅದಕ್ಕೇ ಪಾಠ ಬೇಕಾಗಿರೋದು."

ಹುಡುಗಿ (ಮೂವತ್ತೆಂಟು, ನಾದಿನಿಗೆ ವಯಸ್ಸಾದರೆ ಭಾವನಿಗೂ ಆದಂತೆ, ಆದ್ದರಿಂದ ಹುಡುಗಿ) ಚುರುಕು. ಸಂಜೆ ಕಿಟಕಿಯ ಹತ್ತಿರ ನಿಂತು ಇಡೀ ನೋಟವನ್ನು ಒಂದೂ ಪದ ಮರುಕಳಿಸದಂತೆ ಇಂಗ್ಲಿಷಿನಲ್ಲಿ ಬಣ್ಣಿಸಿದಳು. ಕಣ್ಣು ತೇವವಾಯಿತು. ಕಾಲೇಜಿನಲ್ಲಿ ಎಂ.ಎ. ಮಾಡಿದವರೂ ಇಷ್ಟು ಸೊಗಸಾಗಿ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ ಹೆಂಡತಿ, "ಚೆನ್ನಾಗಿದೆ. ಯಾವ ಊರಿನ ವಿಷಯ ಅದು?" ಅಂದಳು. ಸಾಹಿತ್ಯದ ಗಂಧವಿಲ್ಲದವರ ಜೊತೆ ವಾದ ಮಾಡಬಾರದು.

ಮಾರ್ಚ್ ೧೫, ಶನಿವಾರ

ಇವತ್ತು ಅಗ್ನಿಶಾಮಕ ಠಾಣೆಯಲ್ಲಿ ಅಣಕು ಅಭ್ಯಾಸವಿತ್ತು. ಗುಡ್ಡದ ಮೂಡಣದ ತೆರಪಿನಲ್ಲಿ ಡ್ರಮ್ಮಿನೊಳಗೆ ಹಸಿಹುಲ್ಲು ಸುಟ್ಟು ಹೊಗೆ ಎಬ್ಬಿಸಿದ್ದರಂತೆ. ನಾದಿನಿ ಮೊದಲ ಸಲ ಒಬ್ಬಳೇ ಗೋಪುರದಿಂದ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಹೇಳಿಕೊಟ್ಟಂತೆಯೇ ಹೇಳಿದಳು.

ಕ್ಲಿಯರಿಂಗಿನಲ್ಲಿ ಹೊಗೆಯಿದೆ ಅಂದಳು. ಗ್ಲೇಡಿನ ಉತ್ತರದ ಅಂಚು ಕಿರಿದಾಗಿದೆ ಅಂದಳು. ಓಪನ್ ಗ್ರೌಂಡನ್ನು ಕೆಳಗಿನಿಂದ ಹತ್ತಿ ಅಂದಳು. ಮೆಡೋ ಒಣಗಿದೆ, ಹುಷಾರು ಅಂದಳು. ಕೆಳಗೆ ಠಾಣೆಯ ಮುಖ್ಯಸ್ಥರು ನಕ್ಷೆಯ ಮೇಲೆ ನಾಲ್ಕು ಕಡೆ ಪಿನ್ನು ಚುಚ್ಚಿದರು. ಇದ್ದ ಮೂರು ತಂಡಗಳನ್ನು ಮೂರು ದಿಕ್ಕಿಗೆ ಓಡಿಸಿ, ನಾಲ್ಕನೆಯದಕ್ಕೆ ಪಕ್ಕದ ಠಾಣೆಗೆ ಫೋನು ಮಾಡಿದರು. ಒಂದು ಜೀಪು ಕೆಸರಿನಲ್ಲಿ ಚಕ್ರ ಮುಳುಗಿಸಿಕೊಂಡು ನಿಂತಿತು. ಡ್ರಮ್ಮಿನ ಬೆಂಕಿ ಯಾರೂ ಬಾರದ್ದಕ್ಕೆ ಬೇಸರಪಟ್ಟು ತಾನಾಗಿಯೇ ಆರಿತು.

ಇದನ್ನೆಲ್ಲ ನಾದಿನಿ ಬಾಗಿಲಲ್ಲಿ ನಿಂತೇ ಹೇಳಿದಳು. ಕೂರಲಿಲ್ಲ. ಮುಖ್ಯಸ್ಥರಿಗೆ ಅವಳು ಇಟ್ಟಿರುವ ಹೆಸರು 'ಗಂಟೆ'. ಬಾಯಿ ತೆರೆದರೆ ಬೀದಿಗೆಲ್ಲ ಕೇಳಿಸುತ್ತದೆ.

"ಗಂಟೆ ಏನಂದ್ರು ಗೊತ್ತಾ ಭಾವ? 'ಏನಮ್ಮಾ, ಒಂದು ಡ್ರಮ್ಮಿಗೆ ನಾಲ್ಕು ಕಡೆ ಬೆಂಕಿ ಹಚ್ಚಿದೆಯಲ್ಲ, ಇನ್ನೊಂದು ವಾಕ್ಯ ಹೇಳಿದ್ರೆ ಊರೇ ಖಾಲಿ ಮಾಡಿಸ್ತಿದ್ದೆ' ಅಂದ್ರು. ಎಲ್ಲರೂ ನಕ್ಕರು. ಏಪ್ರಿಲಲ್ಲೂ ಹೀಗೇ ಆದ್ರೆ ಪರೀಕ್ಷೆಗೆ ಬರೋದೇ ಬೇಡ ಅಂದ್ರು."

"ವ್ಯಾಕರಣದ ತಪ್ಪೇನಾದರೂ?"

ಅವಳು ನನ್ನನ್ನೇ ನೋಡಿದಳು. ಮೆಟ್ಟಿಲು ಹತ್ತಿ ಹೋದಳು.

ದಾಖಲೆಗಾಗಿ ಬರೆದಿಡುತ್ತೇನೆ: ವ್ಯಾಕರಣ ಸರಿಯಿತ್ತು. ಶೈಲಿ ನಿರ್ದುಷ್ಟ. ಪರ್ಯಾಯಪದದ ಪರಿಚಯವಿಲ್ಲದ ಇಲಾಖೆಯ ಕೈಗೆ ಪಿನ್ನು ಕೊಟ್ಟವರದು ತಪ್ಪು.

ಮಾರ್ಚ್ ೧೬, ಭಾನುವಾರ

ನಾದಿನಿ ಪಾಠಕ್ಕೆ ಬರಲಿಲ್ಲ. ಪ್ಲಾಸ್ಟರಿನೊಳಗೆ ಕಾಲು ತುರಿಸುತ್ತದೆ.

ಮಾರ್ಚ್ ೧೭, ಸೋಮವಾರ

ಇವತ್ತೂ ಇಲ್ಲ.

ಮಾರ್ಚ್ ೧೯, ಬುಧವಾರ

ಹೆಂಡತಿ ಕೆಲಸದಿಂದ ಬಂದು, ಚೀಲ ಇಳಿಸಿ, ನನ್ನ ಮಂಚದ ಅಂಚಿಗೆ ಕೂತಳು. ಅಂಚಿಗೆ ಕೂತಳೆಂದರೆ ವಿಷಯ ನಡುವಿನದು.

"ರೀ, ಅವಳು ಮೇಲೆ ಅಳ್ತಾ ಕೂತಿದಾಳೆ. ಏನು ಹೇಳ್ಕೊಟ್ರಿ ಅಂಥಾದ್ದು?"

ಪುನರುಕ್ತಿ ದೋಷವನ್ನು ವಿವರಿಸಿದೆ. ತಾಳ್ಮೆಯಿಂದ ಕೇಳಿದಳು.

"ನಾನು ನಿಮ್ಮನ್ನ ಬೆಳಗ್ಗೆ ಏನಂತ ಕರೀತೀನಿ?"

"ರೀ ಅಂತ."

"ಮಧ್ಯಾಹ್ನ?"

"ರೀ."

"ಸಂಜೆ ಒಂದು, ರಾತ್ರಿ ಒಂದು ಅಂತ ಬೇರೆ ಬೇರೆ ಹೆಸರಿಟ್ಟು ಕೂಗಿದ್ರೆ, ಈ ಮನೇಲಿ ಎಷ್ಟು ಗಂಡಸ್ರು ಅಂತ ಬೀದಿಯವರು ಲೆಕ್ಕ ಹಾಕ್ತಾರೆ?"

ನನಗೆ ಉತ್ತರ ಹೊಳೆಯದಿದ್ದುದು ಇದು ಎರಡನೆಯ ಸಲವಿರಬೇಕು. ಮೊದಲನೆಯದು ಮದುವೆಗೆ ಒಪ್ಪಿಗೆಯಾ ಎಂದು ಕೇಳಿದಾಗ.

"ನಮ್ಮ ಆಫೀಸಲ್ಲೂ ಅಷ್ಟೆ," ಅಂದಳು. "ಒಂದು ಪಾರ್ಸೆಲ್ಲಿನ ಎರಡು ಬದಿಗೆ ಎರಡು ವಿಳಾಸ ಬರೆದ್ರೆ ಅದು ಎರಡೂ ಕಡೆ ಹೋಗಲ್ಲ. ಮೂಲೇಲಿ ಬಿದ್ದಿರತ್ತೆ." ಎದ್ದು ಹೋಗಿ ಅನ್ನಕ್ಕಿಟ್ಟಳು.

ಮಾರ್ಚ್ ೨೪, ಸೋಮವಾರ

ಪ್ಲಾಸ್ಟರು ತೆಗೆದರು. ಒಳಗಿನ ಕಾಲು ಯಾರದೋ ಅನ್ನಿಸಿತು. ಕೋಲು ಊರಿಕೊಂಡು ಮೆಲ್ಲಗೆ ನಡೆಯಬಹುದಂತೆ, ಸಮತಟ್ಟಾದ ಕಡೆ.

ಬಂದವನು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದೆ. "ಏನಮ್ಮಾ! ಪರೀಕ್ಷೇಲಿ ಕೆಳಗೆ ನಡೆಯೋಕೆ ಒಬ್ಬ ಬೇಕಲ್ಲ, ಏನೂ ಗೊತ್ತಿಲ್ಲದವನು. ನಾನಿದೀನಿ."

ಮೇಲೆ ಕುರ್ಚಿ ಸರಿದ ಸದ್ದು. ಆಮೇಲೆ ಮೇಲಿಂದ, "ಏನೂ ಗೊತ್ತಿಲ್ಲದೋರು ಅಂತ ಒಪ್ಕೊಂಡ್ರಾ?"

"ನೆಲದ ಮಟ್ಟಿಗೆ ಮಾತ್ರ."

ಇಳಿದು ಬಂದಳು.

ಮಾರ್ಚ್ ೨೫, ಮಂಗಳವಾರ

ವ್ಯವಸ್ಥೆ ಹೀಗೆ: ಅವಳು ತಾರಸಿಯ ಮೇಲೆ, ನಾನು ಬಯಲಿನಲ್ಲಿ, ಇಬ್ಬರ ಕಿವಿಗೂ ಫೋನು. ಅವಳು ಮೊದಲೇ ಗೋಡೆ ಹಾರಿ ಹೋಗಿ ಎಲ್ಲೋ ಒಂದು ಕೆಂಪು ಬಟ್ಟೆ ಕಟ್ಟಿ ಬಂದಿದ್ದಳು. ಹಿತ್ತಲ ಬಾಗಿಲು ಎಷ್ಟು ವರ್ಷದಿಂದ ತೆರೆದಿರಲಿಲ್ಲವೋ, ಹೆಂಡತಿ ಎಣ್ಣೆ ಬಿಟ್ಟು ಒದ್ದು ತೆರೆದಳು.

ನಾನು ಮೆಡೋ ಎಂದಿದ್ದು ಮೆಡೋ ಅಲ್ಲ. ಗೋಡೆ ದಾಟಿದ ಕೂಡಲೇ ಮುಳ್ಳಿನ ಕುರುಚಲು. ಅದರ ಹಿಂದೆ ಎದೆಯೆತ್ತರದ ಹುಲ್ಲು. ಕಿಟಕಿಗೆ ಹೊನ್ನಾಗಿ ಕಂಡದ್ದು ಇದೇ. ಒಳಗೆ ನಿಂತರೆ ಮನೆ ಕಾಣುವುದಿಲ್ಲ, ಗುಡ್ಡ ಕಾಣುವುದಿಲ್ಲ, ನನ್ನ ಕಾಲೂ ಕಾಣುವುದಿಲ್ಲ.

"ವಾಕ್ ಟು ದ ಸ್ಟ್ರಿಪ್," ಅಂದಳು ಫೋನಿನಲ್ಲಿ. ನಡೆದೆ. "ಗೋ ಅಲಾಂಗ್ ದ ಪ್ಯಾಚ್," ಅಂದಳು. ಪಟ್ಟಿ ಬಿಟ್ಟು ತೇಪೆ ಹುಡುಕುತ್ತ ಬಲಕ್ಕೆ ತಿರುಗಿದೆ. ಎರಡೂ ಒಂದೇ ಎಂದು ಅವಳಿಗೆ ಗೊತ್ತು. ಹಾಗೆ ಹೇಳು ಎಂದು ಕಲಿಸಿದವನು ನಾನು. ಆದರೂ ಬಲಕ್ಕೆ ತಿರುಗಿದೆ. ಹುಲ್ಲಿನೊಳಗೆ ನಿಂತಿರುವಾಗ ಕಿವಿಗೆ ಹೊಸ ಪದ ಬಿದ್ದರೆ ಕಾಲು ಹೊಸ ಜಾಗವನ್ನೇ ಹುಡುಕುತ್ತದೆ. ಇದು ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಓದಿದವನಿಗೆ ತಿಳಿಯುವ ಸಂಗತಿಯಲ್ಲ.

ಬಲಕ್ಕಿದ್ದದ್ದು ಜೌಗು. ಒಳ್ಳೆಯ ಕಾಲು ಕಣಕಾಲಿನವರೆಗೆ ಇಳಿಯಿತು, ಚಪ್ಪಲಿ ಅಲ್ಲೇ ಉಳಿಯಿತು.

"ಭಾವ! ಎಲ್ಲಿದೀರಿ? ಕಾಣ್ತಿಲ್ಲ!"

"ಮಾರ್ಷಿನಲ್ಲಿ. ಬಾಗ್ ಅಂತಲೂ ಅನ್ನಬಹುದು. ಸ್ವಾಂಪ್ ಅಂತಲೂ—"

"ಭಾವ, ಒಂದೇ ಹೇಳಿ!" ಎಂದು ಕಿರುಚಿದಳು.

ಒಂದೇ ಹೇಳಿದೆ. ಅಕ್ಕತಂಗಿಯರಿಬ್ಬರೂ ಬಂದು ಉದ್ದನೆಯ ದೊಣ್ಣೆ ಚಾಚಿ ಎಳೆದುಕೊಂಡು ಹೋದರು. ಹೆಂಡತಿ ದಾರಿಯುದ್ದಕ್ಕೂ ಬೈದಳು. ನಾದಿನಿ ದಾರಿಯುದ್ದಕ್ಕೂ ನಕ್ಕಳು. ಹತ್ತು ದಿನದ ನಂತರ ನಕ್ಕದ್ದು.

ಏಪ್ರಿಲ್ ೧, ಮಂಗಳವಾರ

ದಿನಾ ಬೆಳಗ್ಗೆ ಅವಳು ಡ್ಯೂಟಿಗೆ ಹೋಗುವ ಮುಂಚೆ ನಡೆಯುತ್ತೇನೆ. ಕೆಂಪು ಬಟ್ಟೆ ದಿನಕ್ಕೊಂದು ಕಡೆ. ಇಬ್ಬರೂ ಸೇರಿ ಮಾಡಿಕೊಂಡ ಕಟ್ಟಳೆ: ಮೊದಲು ದೊಡ್ಡದನ್ನು ಹೇಳುವುದು, ಆಮೇಲೆ ಅದರೊಳಗಿನ ಸಣ್ಣದನ್ನು. ಒಂದು ಜಾಗಕ್ಕೆ ಒಮ್ಮೆ ಒಂದು ಹೆಸರು ಹೇಳಿದರೆ ಕಡೆಯವರೆಗೂ ಅದೇ. ಚೆಂದ ಕಾಣುವುದನ್ನಲ್ಲ, ಕಾಲಿಗೆ ಸಿಗುವುದನ್ನು ಹೇಳುವುದು.

ಪಕ್ಕದ ಮನೆಯ ಸೈಕಲ್ ರಿಪೇರಿಯವನು ಗೋಡೆಯಾಚೆಯಿಂದ ಕೇಳಿದ. "ಏನ್ ಸಾರ್, ದಿನಾ ಆ ಮುಳ್ಳಲ್ಲಿ ಏನು ಹುಡುಕ್ತೀರಾ?"

"ಚಪ್ಪಲಿ."

ನಂಬಿದ. ಸುಳ್ಳೂ ಅಲ್ಲ.

ಹುಲ್ಲಿನ ಆಚೆ ಒಂದು ಕಲ್ಲುದಿಬ್ಬವಿದೆ. ಅದರ ನೆರಳಿನಲ್ಲಿ ನೆಲ ತಂಪು. ಕಿಟಕಿಯಿಂದ ಕಾಣುತ್ತಿರಲಿಲ್ಲ.

ಏಪ್ರಿಲ್ ೫, ಶನಿವಾರ

ಪರೀಕ್ಷೆ ಗುರುವಾರ. ಎರಡು ಭಾಗವಂತೆ. ತಂಡ ಬಾವುಟ ಮುಟ್ಟಿತೋ ಇಲ್ಲವೋ ಎಂಬುದನ್ನು ಗಂಟೆ ನೋಡುತ್ತಾರೆ. ಭಾಷೆಗೆ ಅಂಕ ಕೊಡಲು ಕಾಲೇಜಿನಿಂದ ಒಬ್ಬರು ಬರುತ್ತಾರೆ. ಎರಡರಲ್ಲೂ ಪಾಸಾಗಬೇಕು. ಬರುವವನು ಯಾರೆಂದು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ಹಳೆಯ ಶಿಷ್ಯ! ತರಗತಿಯಲ್ಲಿ ಅವನನ್ನು 'ಅಲಂಕಾರ' ಎಂದು ಕರೆಯುತ್ತಿದ್ದೆವು. ಶರ್ಟಿಗೂ ವಾಕ್ಯಕ್ಕೂ ಇಸ್ತ್ರಿ ತಪ್ಪಿಸಿದವನಲ್ಲ. ಈಗ ನಾನಿದ್ದ ಕುರ್ಚಿಯಲ್ಲಿ ಅವನೇ.

"ಒಂದು ಫೋನು ಮಾಡಿದರೆ—" ಎಂದೆ.

"ಮಾಡಿದ್ರೆ ಭಾವ, ಇನ್ನೊಂದು ಕಾಲಿಗೂ ಪ್ಲಾಸ್ಟರ್ ಹಾಕ್ಸೋ ಜವಾಬ್ದಾರಿ ನಂದು," ಅಂದಳು ನಾದಿನಿ.

ಫೋನು ಮಾಡಲಿಲ್ಲ. ಆದರೆ ಊಟದ ನಡುವೆ ಒಂದು ಸಂಗತಿ ನೆನಪಾಗಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಒಂದೇ ಪದ ಎರಡು ಸಲ ಬಂದರೆ ಅಂಕ ಕತ್ತರಿಸುವುದನ್ನು ಅವನು ನನ್ನಿಂದಲೇ ಕಲಿತದ್ದು. ನನಗಿಂತ ಚೆನ್ನಾಗಿ ಕತ್ತರಿಸುತ್ತಿದ್ದ.

ನಾದಿನಿಗೆ ಹೇಳಿದೆ. ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಅವರಿಗೆ ಚೆಂದ ಆಗೋ ಹಾಗೆ ಹೇಳ್ಲಾ, ತಂಡಕ್ಕೆ ದಾರಿ ಸಿಗೋ ಹಾಗೆ ಹೇಳ್ಲಾ?"

"ತಂಡಕ್ಕೆ," ಎಂದೆ. ಕೆಲಸ ಅವಳದು, ಹೋದರೆ ಹೋಗುವುದೂ ಅವಳದು.

ಏಪ್ರಿಲ್ ೧೦, ಗುರುವಾರ

ಬೆಳಗ್ಗೆ ಠಾಣೆಯ ಜೀಪಿನಲ್ಲೇ ನಾದಿನಿಯೂ ನಾನೂ ಹೋದೆವು. ಮನೆಯವರು ಗೋಪುರದ ಕೆಳಗೆ ಕೂರಬಹುದು, ಮಾತಾಡಬಾರದು. ಅಲ್ಲೊಂದು ಟಾರ್ಪಾಲಿನ ನೆರಳು, ಮೇಜು, ಮೇಜಿನ ಮೇಲೆ ವೈರ್‌ಲೆಸ್ಸು. ಮೇಲಿನ ಮಾತೂ ಕೆಳಗಿನ ಮಾತೂ ಅದರಲ್ಲಿ ಕೇಳುತ್ತದೆ. ಹೆಂಡತಿ ಕೆಲಸಕ್ಕೆ ರಜೆ ಹಾಕಿಲ್ಲ. ಮೂರು ಸಲ ಫೋನು ಮಾಡಿದಳು, ಮೂರು ಸಲವೂ ಗಂಟೆ ನನ್ನನ್ನು ನೋಡಿದರು.

ಅಲಂಕಾರ ಬಂದ. ಬಿಳಿ ಶರ್ಟು, ಹೊಳೆಯುವ ಬೂಟು. ನನ್ನನ್ನು ಕಂಡು ಕಾಲು ಮುಟ್ಟಲು ಬಗ್ಗಿದ. "ಎಡದ್ದು ಬೇಡ," ಎಂದೆ.

ಪರವೂರಿನ ತಂಡದ ಇಬ್ಬರನ್ನು ಕಾಡಿನ ಬುಡದಲ್ಲಿ ಬಿಟ್ಟರು. ಅವರಿಗೆ ನೆಲ ಹೊಸದು. ನಾದಿನಿ ಮೇಲಿನಿಂದ ಹೇಳತೊಡಗಿದಳು. ಇಂಗ್ಲಿಷು ನಿಧಾನ, ದನಿ ಒಣಗಿತ್ತು, ಆಮೇಲಾಮೇಲೆ ನೇರವಾಯಿತು. ನಿಮ್ಮ ಮುಂದೆ ಇಳಿಜಾರು ಇದೆ. ಇಳಿಜಾರಿನ ಮೇಲೆ ಕ್ಲಿಯರಿಂಗ್ ಇದೆ. ಕ್ಲಿಯರಿಂಗಿಗೆ ಬನ್ನಿ. ಕ್ಲಿಯರಿಂಗಿನ ಎಡ ಅಂಚಿನಲ್ಲಿ ಕುರುಚಲು, ಅದರೊಳಗೆ ಹೋಗಬೇಡಿ. ಕ್ಲಿಯರಿಂಗಿನಲ್ಲೇ ಇರಿ. ಕ್ಲಿಯರಿಂಗಿನ ಮೇಲಿನ ಮೂಲೆಗೆ ನಡೆಯಿರಿ. ಪ್ರತಿ ಸಲ ಆ ಪದ ಬಂದಾಗ ಅಲಂಕಾರನ ಪೆನ್ನು ಕಾಗದದ ಮೇಲೆ ಒಂದು ಗೀಟು ಎಳೆಯುತ್ತಿತ್ತು. ನಾನು ಅವನ ಪೆನ್ನನ್ನೇ ನೋಡುತ್ತಿದ್ದೆ. ಇಬ್ಬರೂ ಬಾವುಟ ಮುಟ್ಟಿದರು. ಗಂಟೆ ಮೇಜು ಗುದ್ದಿ, "ಭೇಷ್!" ಅಂದರು. ಕಾಡಿನ ಹಕ್ಕಿಗಳು ಎದ್ದವು.

ಅಲಂಕಾರ ಅಂಕದ ಹಾಳೆಯನ್ನು ಅವರ ಕಡೆ ಸರಿಸಿದ. ಗಂಟೆಯ ಮುಖ ಇಳಿಯಿತು.

"ಹತ್ತಕ್ಕೆ ಮೂರು?"

"ಪದಸಂಪತ್ತೇ ಇಲ್ಲ ಸರ್. ಒಂದೇ ಪದ. ಎಷ್ಟು ಸಲ ಅಂತ ಲೆಕ್ಕ ಇಡೋದನ್ನೇ ಬಿಟ್ಟೆ."

"ಇವರು ತಲುಪಿದರಲ್ರೀ!"

"ಅದು ನಿಮ್ಮ ಭಾಗ. ಭಾಷೆ ನನ್ನ ಭಾಗ. ಕ್ಷಮಿಸಿ, ಐದು ಬರದೆ ಪಾಸು ಮಾಡೋಕಾಗಲ್ಲ." ನನ್ನ ಕಡೆ ತಿರುಗಿದ. "ಸರ್, ನೀವೇ ಹೇಳಿ. ನೀವೇ ಕಲಿಸಿದ್ದು."

ನಾದಿನಿ ಗೋಪುರದ ಏಣಿಯ ಅರ್ಧಕ್ಕೆ ಇಳಿದು ಅಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು.

"ನಾನು ಕಲಿಸಿದ್ದು ಕೂತು ಓದುವವರಿಗೆ," ಎಂದೆ. "ಅಂಕ ಬದಲಾಯಿಸು ಅಂತ ಕೇಳೋದಿಲ್ಲ. ನೀನು ಕೂತು ಕೇಳಿದೆ. ಒಂದು ಸಲ ನಡೆದು ಕೇಳು. ಆಮೇಲೆ ಎರಡು ಕೊಟ್ಟರೂ ಸರಿ."

"ನಾನಾ ಸರ್? ಕಾಡಿನಲ್ಲಾ?"

"ನಿಯಮದಲ್ಲಿ ಅಡ್ಡಿ ಇಲ್ಲ," ಅಂದರು ಗಂಟೆ, ನಿಯಮ ಏನೆಂದು ನೋಡುವ ಮೊದಲೇ. ಒಬ್ಬನನ್ನು ಓಡಿಸಿ ಬಾವುಟದ ಜಾಗ ಬದಲಿಸಿದರು.

ಅಲಂಕಾರ ಬೂಟು ನೋಡಿಕೊಂಡ. ವೈರ್‌ಲೆಸ್ಸು ತೆಗೆದುಕೊಂಡು ಇಳಿದು ಹೋದ. ನಾದಿನಿ ಮತ್ತೆ ಮೇಲೆ ಹತ್ತಿದಳು. ಸ್ವಲ್ಪ ಹೊತ್ತಿಗೆ ಬಿಳಿ ಶರ್ಟು ಹುಲ್ಲಿನೊಳಗೆ ಮರೆಯಾಯಿತು. ಅವಳು ಹೇಳುತ್ತ ಹೋದಳು. ಇಳಿಜಾರು. ಕ್ಲಿಯರಿಂಗ್. ಕ್ಲಿಯರಿಂಗಿನ ಬಲ ಅಂಚು. ಅರ್ಧದಲ್ಲಿ ವೈರ್‌ಲೆಸ್ಸು ಗರಗರ ಎಂದಿತು. ಅಲಂಕಾರನ ದನಿ, ಉಸಿರು ಸಿಕ್ಕಿಬಿದ್ದ ದನಿ: "ವೇರ್ ಈಸ್ ದ ಗ್ಲೇಡ್? ಐ ಕಾಂಟ್ ಸೀ ದ ಗ್ಲೇಡ್!"

ನಾನು ಕೋಲು ಬಿಗಿಯಾಗಿ ಹಿಡಿದೆ.

"ನೋ ಗ್ಲೇಡ್," ಅಂದಳು ನಾದಿನಿ. "ಕ್ಲಿಯರಿಂಗ್."

"...ಮೆಡೋ?"

"ನೋ ಮೆಡೋ, ಸರ್. ಕ್ಲಿಯರಿಂಗ್. ಯು ಆರ್ ಇನ್ ದ ಕ್ಲಿಯರಿಂಗ್. ಸ್ಟೇ ಇನ್ ದ ಕ್ಲಿಯರಿಂಗ್."

ಗರಗರ. ಆಮೇಲೆ, ತರಗತಿಯಲ್ಲಿ ಮೊದಲ ಸಲ ಎದ್ದು ನಿಂತ ಹುಡುಗನ ದನಿಯಲ್ಲಿ, "ಕ್ಲಿಯರಿಂಗ್. ಯೆಸ್. ಕ್ಲಿಯರಿಂಗ್."

ಬಾವುಟವನ್ನು ಕೈಯಲ್ಲೇ ಕಿತ್ತುಕೊಂಡು ಬಂದ. ಪ್ಯಾಂಟಿನ ತುಂಬ ಮುಳ್ಳುಕಾಯಿ, ಮುಖದಲ್ಲಿ ಗೀರು. ನೀರು ಕುಡಿದ. "ಸರ್, ಹುಲ್ಲು ತಲೆಗಿಂತ ಎತ್ತರ. ಯಾವ ಕಡೆಯಿಂದ ಬಂದೆ ಅನ್ನೋದೇ ಮರೆತುಹೋಯ್ತು. ಅವರು ಪದ ಬದಲಾಯಿಸಿದ್ದರೆ ನಾನು ಅಲ್ಲೇ ಇರ್ತಿದ್ದೆ." ಹಾಳೆ ಎಳೆದುಕೊಂಡು ಮೂರನ್ನು ಹೊಡೆದು ಎಂಟು ಬರೆದ. "ಹತ್ತು ಕೊಡಲ್ಲ. ಉಚ್ಚಾರಣೆ ಇನ್ನೂ ಸುಧಾರಿಸಬೇಕು."

ನಾದಿನಿ ಇಳಿದು ಬಂದಳು. ಮೊದಲು ನನ್ನ ಹತ್ತಿರವೇ ಬಂದಳು.

"ಶಿಫಾರಸು ಮಾಡ್ಬೇಡಿ ಅಂದಿದ್ದೆ."

"ಮಾಡಲಿಲ್ಲವಲ್ಲ. ನಡೆಸಿದೆ."

ಅವಳು ನನ್ನ ಹೆಗಲ ಮೇಲಿನ ಮುಳ್ಳುಕಾಯಿ ಕಿತ್ತು ಬಿಸಾಕಿದಳು. ನಾನು ಕಾಡಿಗೆ ಇಳಿದೇ ಇರಲಿಲ್ಲ. ಅದು ನಿನ್ನೆ ಬೆಳಗಿನದಿರಬೇಕು, ಅದೇ ಶರ್ಟು.

ನಾಲ್ಕನೆಯ ಸಲ ಫೋನು ಬಂತು. ಗಂಟೆಯೇ ಕಸಿದುಕೊಂಡು, "ಪಾಸಮ್ಮಾ, ಪಾಸು!" ಎಂದು ಕೂಗಿದರು. ಫೋನು ಇಲ್ಲದಿದ್ದರೂ ಪಾರ್ಸೆಲ್ ಆಫೀಸಿಗೆ ಕೇಳಿಸುತ್ತಿತ್ತು.

ಏಪ್ರಿಲ್ ೨೭, ಭಾನುವಾರ

ನಾದಿನಿ ಗುಡ್ಡದ ಬುಡದ ಕ್ವಾರ್ಟರ್ಸಿಗೆ ಹೋಗಿ ಒಂದು ವಾರ.

ಬೆಳಗ್ಗೆ ಬಯಲಿನಲ್ಲಿದ್ದೆ. ಕಲ್ಲುದಿಬ್ಬದ ಮೇಲೆ ಕೂತಿದ್ದಾಗ ಗುಡ್ಡದ ಪಡುವಣ ಬದಿಯಲ್ಲಿ ಹೊಗೆ ಕಂಡಿತು. ಕಪ್ಪು ಹೊಗೆ. ಡ್ರಮ್ಮಿನದಲ್ಲ. ಗಾಳಿ ಊರಿನ ಕಡೆಗಿತ್ತು. ಮನೆಗೆ ಬಂದೆ. ಹೆಂಡತಿ ತಾರಸಿಯ ಮೇಲೆ ನಿಂತಿದ್ದಳು. ಇಬ್ಬರೂ ನಿಂತೆವು.

ಜೀಪುಗಳು ಹೋದವು. ಎಲ್ಲವೂ ಒಂದೇ ದಾರಿಯಲ್ಲಿ ಹೋದವು. ಹೆಲಿಕಾಪ್ಟರು ಬಂದು ಒಂದೇ ಕಡೆ ನೀರು ಸುರಿದು, ಹೋಗಿ, ಮತ್ತೆ ಬಂದು ಅಲ್ಲೇ ಸುರಿಯಿತು. ಮಧ್ಯಾಹ್ನದ ಹೊತ್ತಿಗೆ ಹೊಗೆ ಬಿಳಿಯಾಯಿತು. ಆಮೇಲೆ ಇರಲಿಲ್ಲ. ಯಾರಿಗೂ ಏನೂ ಆಗಿಲ್ಲ ಎಂದು ಸೈಕಲ್ ರಿಪೇರಿಯವನು ಬಂದು ಹೇಳಿದ.

ಸಂಜೆ ನಾದಿನಿಯ ಫೋನು. ದನಿ ಒಡೆದಿತ್ತು, ದಿನವಿಡೀ ಮಾತಾಡಿರಬೇಕು.

"ಭಾವ, ನೋಡಿದ್ರಾ?"

"ನೋಡಿದೆ."

ಬೆಂಕಿ ಬಿದ್ದ ಜಾಗವನ್ನು ಏನೆಂದು ಕರೆದಳೋ ಕೇಳಬೇಕೆಂದಿದ್ದೆ.

"ಊಟ ಆಯ್ತಾ?" ಎಂದೆ.

"ಇನ್ನೂ ಇಲ್ಲ ಭಾವ. ಈಗ ಇಳಿದೆ."

"ಮೊದಲು ಊಟ ಮಾಡು."

"ಅಷ್ಟೇನಾ? ಬೇರೇನೂ ಕೇಳಲ್ವಾ?"

ಅಷ್ಟರಲ್ಲಿ ಹೆಂಡತಿ ನನ್ನ ಕೈಯಿಂದ ಫೋನು ಕಸಿದುಕೊಂಡಳು. ತಂಗಿಯ ಜೊತೆ ಮಾತಾಡಲು ಬೆಳಗಿನಿಂದ ಕಾದವಳು. ಏನು ಕೇಳುತ್ತಾಳೋ ಎಂದು ನೋಡಿದೆ.

"ಊಟ ಆಯ್ತೇನೇ?" ಅಂದಳು.